‘ಪಾಬಾ ಇಲ್ಲ’ ಎಂದು ಟ್ಯೂಬು ಸಾರಿದ ಕಾಲ

1980ರ ದಶಕದಲ್ಲಿ ಅಮೆರಿಕದ ಸನ್‌ಸ್ಕ್ರೀನ್ ಟ್ಯೂಬುಗಳ ಮೇಲೆ ‘ಪಾಬಾ ರಹಿತ’ ಎಂಬ ಮಾತು ಎದ್ದು ಕಾಣತೊಡಗಿತು. ಒಳಗೆ ಏನಿಲ್ಲ ಎನ್ನುವುದೇ ಮಾರಾಟದ ಮಂತ್ರವಾಗಿತ್ತು.

ಪಾಬಾ ಅಂದರೆ ಪ್ಯಾರಾ ಅಮೈನೊ ಬೆಂಜೋಯಿಕ್ ಆಮ್ಲ. 1943ರಲ್ಲಿ ಪೇಟೆಂಟ್ ಪಡೆದ ಇದು ಚರ್ಮ ಸುಡುವ ಯುವಿ-ಬಿ ಕಿರಣಗಳನ್ನು ಹೀರುವುದರಲ್ಲಿ ನಿಸ್ಸೀಮ. ಮದ್ಯಸಾರದಲ್ಲಿ ಕರಗಿಸಿ ಹಚ್ಚಿದರೆ ಚರ್ಮದ ಹೊರಪದರಕ್ಕೆ ಕಚ್ಚಿಕೊಂಡು, ಬೆವರಿದರೂ ಅಷ್ಟು ಸುಲಭಕ್ಕೆ ಬಿಡುತ್ತಿರಲಿಲ್ಲ. ಬಟ್ಟೆಗೆ ಹಳದಿ ಕಲೆ ಹತ್ತುವುದೊಂದು ರಗಳೆ. ಅದನ್ನಾದರೂ ಜನ ಸಹಿಸಿಕೊಂಡಾರು. ಕೆಲವರಿಗೆ ಹಚ್ಚಿದ ಜಾಗವೆಲ್ಲ ಕೆಂಪೇರಿ, ತುರಿಸಿ, ಗುಳ್ಳೆ ಏಳತೊಡಗಿದ್ದನ್ನು ಸಹಿಸುವುದು ಹೇಗೆ?

ಈ ಅಣುವಿಗೆ ನೆಂಟರು ಜಾಸ್ತಿ. ಕಪ್ಪು ಹೇರ್ ಡೈಯಲ್ಲಿರುವ ಪಿಪಿಡಿ, ಮರಗಟ್ಟಿಸುವ ಬೆಂಜೊಕೇನ್, ಸಲ್ಫಾ ಔಷಧಿಗಳು ಇವೆಲ್ಲ ರಚನೆಯಲ್ಲಿ ಅದರ ಹತ್ತಿರದವೇ. ಹಾಗಾಗಿ ಡೈಗೆ ಅಲರ್ಜಿಯಿದ್ದವರ ಚರ್ಮ ಪಾಬಾವನ್ನು ಕಂಡರೂ ಸಿಡಿಮಿಡಿಗೊಳ್ಳುವ ಸಂಭವವಿತ್ತು. ಗ್ಲಿಸರಿಲ್ ಪಾಬಾ ಎಂಬ ಅದರ ಸಂಬಂಧಿಯ ಕಥೆ ಇನ್ನೂ ಸ್ವಾರಸ್ಯಕರ: ಎಷ್ಟೋ ಪ್ರಕರಣಗಳಲ್ಲಿ ತಪ್ಪು ಅದರದಲ್ಲ, ಕಲ್ಮಶವಾಗಿ ಉಳಿದಿದ್ದ ಬೆಂಜೊಕೇನ್‌ನದು!

ಇಂಥ ಕಳ್ಳನನ್ನು ಹಿಡಿಯುವುದು ಬೆನ್ನಿನ ಮೇಲೆ. ಅನುಮಾನವಿರುವ ರಾಸಾಯನಿಕಗಳನ್ನು ಹಚ್ಚಿದ ಪಟ್ಟಿಗಳನ್ನು ಎರಡು ಸಾಲಾಗಿ ಅಂಟಿಸುತ್ತಾರೆ. ಒಂದೆರಡು ದಿನದ ಬಳಿಕ ಬಿಡಿಸಿ, ಒಂದು ಸಾಲಿಗೆ ಮಾತ್ರ ಯುವಿ-ಎ ಬೆಳಕು ಹಾಯಿಸಿ, ಇನ್ನೊಂದನ್ನು ಮುಚ್ಚಿಡುತ್ತಾರೆ. ಬೆಳಕು ಬಿದ್ದಲ್ಲಿ ಮಾತ್ರ ಕೆಂಪಾದರೆ ಬಿಸಿಲು ಸೇರಿದಾಗಷ್ಟೇ ಕೆರಳುವ ಅಲರ್ಜಿ. ಎರಡೂ ಕಡೆ ಕೆಂಪಾದರೆ ರಾಸಾಯನಿಕವೊಂದೇ ಸಾಕು.

ಪಾಬಾ ಹಿಂದೆ ಸರಿದ ಮೇಲೆ ಬಳಕೆ ಹೆಚ್ಚಿಸಿಕೊಂಡ ಆಕ್ಸಿಬೆಂಜೋನ್ ಎಂಬ ಸನ್‌ಸ್ಕ್ರೀನ್ ರಾಸಾಯನಿಕವೂ ಏನೂ ಸಾಧುವಾಗಿರಲಿಲ್ಲ. ಅದು ಸೇರಿದ ಬೆಂಜೋಫಿನೋನ್ ಗುಂಪನ್ನು ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ 2014ರ ‘ವರ್ಷದ ಅಲರ್ಜಿಕಾರಕ’ ಎಂದು ಹೆಸರಿಸಿತು.

ಪ್ರಶ್ನೆ ಚರ್ಮ ದಾಟಿ ರಕ್ತಕ್ಕಿಳಿದದ್ದು 2019ರಲ್ಲಿ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಯ ವಿಜ್ಞಾನಿಗಳು 24 ಮಂದಿಯ ಮೈಯ ಮುಕ್ಕಾಲು ಭಾಗಕ್ಕೆ ದಿನಕ್ಕೆ 4 ಸಲದಂತೆ 4 ದಿನ ಸನ್‌ಸ್ಕ್ರೀನ್ ಹಚ್ಚಿಸಿದರು. ಪರೀಕ್ಷಿಸಿದ ರಾಸಾಯನಿಕಗಳ ಮಟ್ಟ ರಕ್ತದಲ್ಲಿ ಮಿಲಿಲೀಟರಿಗೆ 0.5 ನ್ಯಾನೋಗ್ರಾಂ ಎಂಬ ಗೆರೆ ದಾಟಿತು. ದಾಟಿದರೆ ಅಪಾಯವೆಂದಲ್ಲ, ವಿಷಪರೀಕ್ಷೆಯಿಂದ ವಿನಾಯಿತಿ ಇಲ್ಲ ಎಂದಷ್ಟೇ ಅರ್ಥ. ಸುದ್ದಿಯ ತಲೆಬರಹಗಳಲ್ಲಿ ಈ ವ್ಯತ್ಯಾಸ ಕಾಣೆಯಾಗುವುದು ಸುಲಭ. ಅದೇ ವರ್ಷ ಎಫ್‌ಡಿಎ ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್‌ಗಳಿಗೆ ಹಸಿರು ನಿಶಾನೆ ತೋರುವ ಪ್ರಸ್ತಾವ ಮುಂದಿಟ್ಟಿತು. ಪಾಬಾ ಮತ್ತು ಟ್ರೋಲಮೈನ್ ಸ್ಯಾಲಿಸಿಲೇಟ್ ಬೇಡವೆಂದಿತು. ಉಳಿದ 12 ಸನ್‌ಸ್ಕ್ರೀನ್ ರಾಸಾಯನಿಕಗಳ ಬಗ್ಗೆ ಇನ್ನಷ್ಟು ಮಾಹಿತಿ ಕೇಳಿತು.

ಯುರೋಪಿನಲ್ಲಿ ಬೇರೆ ದಾರಿ ಆಗಲೇ ತೆರೆದಿತ್ತು. ತೂಕ 500 ಡಾಲ್ಟನ್ ಮೀರಿದ ಅಣು ಚರ್ಮದೊಳಗೆ ನುಸುಳುವುದು ಕಷ್ಟ. ಅಲ್ಲಿ 2000ದಿಂದಲೇ ಬಳಕೆಯಲ್ಲಿರುವ ಬೆಮೊಟ್ರಿಜಿನಾಲ್ ಎಂಬ ಸನ್‌ಸ್ಕ್ರೀನ್ ರಾಸಾಯನಿಕದ ತೂಕ ಸುಮಾರು 627. ಪಾಬಾದ್ದು ಬರೀ 137.