ಶ್ಯಾಡೋರನ್‌ನ ಹುಳುಗಳು ಯಾರನ್ನು ಹುಡುಕಿಕೊಂಡು ಬರುತ್ತವೆ?

ಮೇಜಿನ ಸುತ್ತ ಕೂತು, ಡೈಸ್ ಉರುಳಿಸಿ, ಮಾತಲ್ಲೇ ಕಥೆ ಕಟ್ಟುವ ರೋಲ್‌ಪ್ಲೇಯಿಂಗ್ ಗೇಮ್‌ಗಳಲ್ಲಿ ನನಗೆ ಅತಿ ರಾಜಕೀಯ ಅನ್ನಿಸುವುದು ‘ಶ್ಯಾಡೋರನ್’. 1989ರಲ್ಲಿ ಅಮೆರಿಕದ ಫಾಸಾ ಕಂಪನಿ ತಂದಿದ್ದು. ಕಥೆ 2050ರ ಸಿಯಾಟಲ್‌ನದು. ಸರ್ಕಾರಗಳಿಗಿಂತ ಕಾರ್ಪೊರೇಟ್‌ಗಳೇ ಬಲಶಾಲಿ, ಜೊತೆಗೆ ಜಗತ್ತಿಗೆ ಮಾಯಾವಿದ್ಯೆ ವಾಪಸ್ ಬಂದಿದೆ.

ಇಲ್ಲಿನ ಶಾಮನ್‌ಗೆ, ಅಂದರೆ ಆತ್ಮಗಳ ಜೊತೆ ಒಡನಾಡುವ ಮಾಂತ್ರಿಕನಿಗೆ, ದಾರಿ ತೋರುವ ಒಂದು ಟೋಟೆಮ್ ಇರುತ್ತೆ. ಕರಡಿ ಟೋಟೆಮ್ ಆದರೆ ಗಾಯ ವಾಸಿ ಮಾಡುವ ಮಂತ್ರಕ್ಕೆ ಹೆಚ್ಚುವರಿ ಡೈಸ್ ಸಿಗುತ್ತೆ. ಆದರೆ ತನಗೇ ಪೆಟ್ಟು ಬಿದ್ದರೆ ಹುಚ್ಚೆದ್ದು ಎರಗುವ ಅಪಾಯವೂ ಇದೆ. ಒಂಥರಾ ಕೊಡು-ಕೊಳ್ಳುವ ಸಂಬಂಧ.

ಕೀಟ ಟೋಟೆಮ್‌ಗಳ ಲೆಕ್ಕವೇ ಬೇರೆ. ಇರುವೆ, ಜೇನು, ಕಣಜ, ಗೆದ್ದಲು, ಇವಕ್ಕೆಲ್ಲ ಶಾಮನ್ ಬರೀ ಒಂದು ಬಾಗಿಲು. ಕೀಟಾತ್ಮ ಈ ಲೋಕದಲ್ಲಿ ನೆಲೆಯೂರಲು ಮನುಷ್ಯರ ದೇಹ ಬೇಕು, ಅದನ್ನು ಒದಗಿಸುವುದೇ ಅವನ ಕೆಲಸ. ಆ ದೇಹ ಪೂರ್ತಿ ಹುಳುವಾಗಬಹುದು, ಅರೆಬರೆ ಆಗಬಹುದು. ಇಲ್ಲವೇ ಹಳೇ ಮುಖ ಹಾಗೇ ಉಳಿದು, ಒಳಗಿದ್ದ ಮನುಷ್ಯ ಮಾತ್ರ ಇಲ್ಲವಾಗಬಹುದು. ಹಾಗಾಗಿಯೇ ಮೊದಮೊದಲ ಆವೃತ್ತಿಗಳಲ್ಲಿ ಕೀಟ ಶಾಮನ್ ಆಟಗಾರರ ಕೈಗೆ ಸಿಗುವ ಪಾತ್ರವಲ್ಲ; ಅವನು ಖಳ.

ಅಷ್ಟೊಂದು ದೇಹಗಳು ಎಲ್ಲಿಂದ ಬರಬೇಕು? 1990ರ ‘ಯೂನಿವರ್ಸಲ್ ಬ್ರದರ್‌ಹುಡ್’ ಪುಸ್ತಕದಲ್ಲಿ ಉತ್ತರ ಇದೆ. ಅದೇ ಹೆಸರಿನ ಸಂಘಟನೆಯೊಂದು ಊಟ, ಆಸರೆ, ಸಾಂತ್ವನ ಕೊಡುತ್ತೆ. ಬರೋರು ಮನೆಯಿಲ್ಲದವರು, ಒಂಟಿಯಾದವರು. ಅವರು ಕಾಣೆಯಾದರೆ ಸ್ಟೇಷನ್‌ಗೆ ಹೋಗಿ ದೂರು ಕೊಡೋರು ಯಾರು? ಹಿಂಸೆ ಶುರುವಾಗುವುದೇ ಅಲ್ಲಿ, ಮಾಂತ್ರಿಕತೆ ಆಮೇಲಿನ ಮಾತು.

1994ರ ‘ಬಗ್ ಸಿಟಿ’ಯಲ್ಲಿ ಹುಳುಗಳ ಕಾರಣಕ್ಕೆ ಷಿಕಾಗೊ ನಗರವನ್ನೇ ಗೋಡೆ ಕಟ್ಟಿ ಮುಚ್ಚುತ್ತಾರೆ. (ಫಾಸಾ ಇದ್ದಿದ್ದೂ ಷಿಕಾಗೊದಲ್ಲೇ!) ಒಳಗೆ ಸಿಕ್ಕಿಬಿದ್ದವರಿಗೆ ಪಕ್ಕದ ಮನೆಯವನ ಮೇಲೂ ಗುಮಾನಿ: ಇವನು ಮನುಷ್ಯನೋ, ಹುಳುವೋ? ನನಗೆ ಇರುಸುಮುರುಸಾಗುವುದು ಇಲ್ಲಿ. ಅದೇ 1994ರಲ್ಲಿ ರುವಾಂಡಾದ ಆರ್‌ಟಿಎಲ್‌ಎಂ ರೇಡಿಯೊ ಟುಟ್ಸಿಗಳನ್ನು ಜಿರಳೆ ಅಂತ ಕರೆಯುತ್ತಿತ್ತು. 2018ರಲ್ಲಿ ಅಮಿತ್ ಶಾ ‘ಒಳನುಸುಳುಕೋರರ’ನ್ನು ಗೆದ್ದಲು ಅಂದರು. ‘ಮನುಷ್ಯನ ಹಾಗೆ ಕಾಣ್ತಾನೆ, ಆದ್ರೆ ಹುಳು’ ಅನ್ನುವ ಮಾತು ಗೇಮ್‌ನಲ್ಲಿ ಅಕ್ಷರಶಃ ನಿಜ; ಮೇಜಿನ ಆಚೆ ಅದು ಕೊಲ್ಲೋಕೆ ಪರವಾನಗಿ. ಗುಂಡು ಹಾರಿಸುವುದಕ್ಕಷ್ಟೇ ಈ ಕಥೆ ಆಡಿದರೆ ಎರಡರ ನಡುವಿನ ಗೆರೆ ಅಳಿಸಿಹೋಗುತ್ತೆ.

ಅದಕ್ಕೇ, ನಾನು ಗೇಮ್ ನಡೆಸುವುದಾದರೆ ಮೊದಲ ಎರಡು ವಾರ ಒಂದೂ ಹುಳು ತೋರಿಸಲ್ಲ. ಊಟದ ಸಾಲು, ಸಾಲಲ್ಲಿ ನಿಂತವರ ಹೆಸರು, ಅವರ ಕೆಲಸ ಹೋದ ಕಥೆ ಇಷ್ಟೇ. ಮೂರನೇ ವಾರ ಸಾಲಿನಲ್ಲಿ ಒಬ್ಬರು ಕಡಿಮೆ ಇರ್ತಾರೆ.