ಏಳು ಪದರದ ಅವರೆ

ಮನೆಗೆ 15-20 ಮಂದಿಯನ್ನು ಕರೆದು ಉಪಚರಿಸುವ ವಾಡಿಕೆ ಮುಂಬಯಿಯ ನಮ್ಮ ಕನ್ನಡ ಕುಟುಂಬಗಳಲ್ಲಿ ಈಚೆಗೆ ಕಡಿಮೆಯಾಗುತ್ತ ಬಂದಿದೆ. ಜನರಲ್ಲಿ ಆದರ ತಗ್ಗಿತೆಂದು ಕೆಲವರು ಹೇಳುವುದುಂಟು. ನಮಗೆ ಹಾಗೆ ತೋರುವುದಿಲ್ಲ. ಕಾರಣವಿರುವುದು ಅಡಿಗೆಮನೆಯಲ್ಲಿ. ಆಂಟಾಪ್ ಹಿಲ್ಲಿನ ಕೇಂದ್ರ ಸರ್ಕಾರದ ವಸತಿಗಳಲ್ಲಾಗಲಿ, ಅವುಗಳ ಸುತ್ತಣ ಖಾಸಗಿ ಕಟ್ಟಡಗಳಲ್ಲಾಗಲಿ, ಅಡಿಗೆಮನೆಯೆಂದರೆ ಒಬ್ಬರು ಒಳಗೆ ಹೋಗಬೇಕಾದರೆ ಇನ್ನೊಬ್ಬರು ಹೊರಗೆ ಬರಬೇಕಾದ ಜಾಗ. ಅತಿಥಿಗಳು ಬಂದು ಕುಳಿತ ಮೇಲೆ ಬಿಸಿಬಿಸಿಯಾಗಿ ಬೋಂಡಾ ಕೊಡಬೇಕೆಂಬ ಹಟದಿಂದ ಮನೆಯಾಕೆ ಬಾಣಲೆಯ ಮುಂದೆ ನಿಲ್ಲುತ್ತಾಳೆ. ಹೊರಗಿನ ನಗು ಮಾತ್ರ ಆಕೆಗೆ ಕೇಳಿಸುತ್ತದೆ, ಮಾತು ಕೇಳಿಸುವುದಿಲ್ಲ. ಎಲ್ಲರೂ ಹೊರಟು ನಿಂತಾಗ ಬೆವರು ಒರೆಸಿಕೊಂಡು ಬಂದು, "ಇನ್ನೊಂದು ಸಲ ಬನ್ನಿ, ಮಾತಾಡಲೇ ಇಲ್ಲ" ಎನ್ನುತ್ತಾಳೆ. ಮುಂದಿನ ಸಲ ಮನೆಯ ಯಜಮಾನರು, "ಈ ತೊಂದರೆಯೇಕೆ, ಹೋಟೆಲಿನಲ್ಲೇ ಮುಗಿಸಿಬಿಡೋಣ" ಎಂದುಬಿಡುತ್ತಾರೆ.

ಹೋಟೆಲಿನಲ್ಲಿ ಮುಗಿಸುವುದರಿಂದ ಕಳೆದುಹೋಗುವುದೇನು ಎಂಬುದನ್ನು ತುಸು ಯೋಚಿಸಬೇಕು. ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಹಿಂದಿ ಮರಾಠಿ ಆಡಿ ಬೆಳೆಯುವವರು. ಧಾರವಾಡದ ಕನ್ನಡ, ಮೈಸೂರಿನ ಕನ್ನಡ, ಕುಂದಾಪುರದ ಕನ್ನಡ ಒಂದೇ ಸಂಜೆ ಒಂದೇ ಕೋಣೆಯಲ್ಲಿ ಕಿವಿಗೆ ಬೀಳುವ ಸಂದರ್ಭ ಅವರಿಗೆ ಬೇರೆಲ್ಲೂ ಇಲ್ಲ. ಆದ್ದರಿಂದ ಒಲೆಯ ಮುಂದೆ ನಿಲ್ಲದೆಯೇ ಅತಿಥಿಗಳನ್ನು ತೃಪ್ತಿಪಡಿಸುವ ತಿನಿಸು ಯಾವುದಾದರೂ ಇದ್ದರೆ ಅದು ಸಣ್ಣ ವಿಷಯವಲ್ಲವೆಂದು ನಮ್ಮ ಅಭಿಪ್ರಾಯ.

ಇಂಥದೊಂದು ತಿನಿಸನ್ನು ಅಮೇರಿಕೆಯಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಿ ಕಾಣಬಹುದು. ಟೆಕ್ಸಾಸ್-ಮೆಕ್ಸಿಕೋ ಗಡಿಯ ಅಡಿಗೆಯ ರುಚಿಯನ್ನು ಹಿಡಿದು, 1980ರ ದಶಕದಲ್ಲಿ ಆ ದೇಶದ ಮನೆಗಳಲ್ಲಿ ಬಹಳವಾಗಿ ಬಳಕೆಗೆ ಬಂದದ್ದು ಇದು. ಗಾಜಿನ ಪಾತ್ರೆಯಲ್ಲಿ ಬೇಯಿಸಿ ಮಸೆದ ಬೀನ್ಸ್ ಕಾಳು, ಅದರ ಮೇಲೆ ಬೆಣ್ಣೆಹಣ್ಣಿನ ತಿರುಳು, ಹುಳಿ ಕೆನೆ, ಟೊಮೇಟೊ, ಈರುಳ್ಳಿ, ಚೀಸ್, ಆಲಿವ್ ಕಾಯಿ ಹೀಗೆ ಏಳು ಪದರ. ಜೋಳದ ಚಿಪ್ಸಿನಿಂದ ಅದ್ದಿ ತೆಗೆದು ತಿನ್ನುವುದು ಕ್ರಮ. ಎಲ್ಲವನ್ನೂ ಮೊದಲೇ ಮಾಡಿಟ್ಟುಕೊಳ್ಳಬಹುದು ಎನ್ನುವುದೇ ಇದರ ಮುಖ್ಯ ಗುಣ. ಆದರೆ ಅವರ ಸಾಮಾನುಗಳನ್ನೇ ಇಲ್ಲಿ ಹುಡುಕುತ್ತ ಹೊರಟರೆ ಖರ್ಚು ಹೆಚ್ಚು, ರುಚಿಯೂ ನಮ್ಮದಲ್ಲ. ಬೆಣ್ಣೆಹಣ್ಣು ಕೊಡಗು, ಚಿಕ್ಕಮಗಳೂರುಗಳಲ್ಲಿ ಬೆಳೆಯುತ್ತದೆ, ನಿಜ. ಆದರೆ ಅದಕ್ಕೆ ಹಾಲು ಸಕ್ಕರೆ ಬೆರೆಸಿ ಕುಡಿದ ಬೆಂಗಳೂರಿನ ನಾಲಿಗೆಗೆ ಉಪ್ಪು ಖಾರ ಹಾಕಿ ಕೊಟ್ಟರೆ ಮುಖ ಕಿವಿಚೀತು!

ಅವರ ಬೀನ್ಸಿಗೆ ಬದಲಾಗಿ ನಮ್ಮ ಅವರೆ ಇದೆ. ಮುಂಬಯಿಗೆ ಬಂದ ಹಳೆಯ ಮೈಸೂರಿನ ಕಡೆಯ ಹಿರಿಯರು ಮಾಗಿಯ ದಿನಗಳಲ್ಲಿ ಅವರೆಯ ಸೊಗಡನ್ನು ನೆನೆದು ನಿಟ್ಟುಸಿರು ಬಿಡುವುದನ್ನು ನಾವೆಲ್ಲ ಕೇಳಿದ್ದೇವೆ. ವಾಸ್ತವದಲ್ಲಿ ಅವರೆ ಇಲ್ಲಿಯೇ ಇದೆ, ಹೆಸರು ಮಾತ್ರ ಬೇರೆ. ಮರಾಠಿಗರು ವಾಲ್ ಎಂದೂ ಪಾವಟಾ ಎಂದೂ ಕರೆಯುವುದು ಇದೇ ಬಳ್ಳಿಯ ಕಾಳನ್ನು. ಗುಜರಾತಿಗಳ ಉಂಧಿಯುವಿನಲ್ಲಿ ಬೀಳುವ ಪಾಪಡಿ ಇದರದೇ ಎಳೆಯ ಕಾಯಿ. ಕೊಲ್ಲಿಯ ಆಚೆಗಿನ ರಾಯಗಡ ಜಿಲ್ಲೆಯಲ್ಲಿ ಚಳಿಗಾಲದ ರಾತ್ರಿ ಈ ಕಾಯಿಗಳನ್ನು ಮಡಕೆಯಲ್ಲಿ ತುಂಬಿ ಬೆಂಕಿಯಲ್ಲಿ ಸುಟ್ಟು 'ಪೋಪಟಿ' ಎಂದು ಸಂಭ್ರಮಿಸುತ್ತಾರೆ. ಇನ್ನೂ ಸ್ವಾರಸ್ಯವೆಂದರೆ, ನಾವು ಕಾಳನ್ನು ನೆನೆಸಿ, ಸಿಪ್ಪೆ ಹಿತಕಿ ಹಿತಕಿದ ಬೇಳೆ ಮಾಡುವಂತೆಯೇ ಇಲ್ಲಿನ ಚಾಂದ್ರಸೇನೀಯ ಕಾಯಸ್ಥ ಪ್ರಭು ಮನೆಗಳಲ್ಲಿ ವಾಲನ್ನು ಮೊಳಕೆ ಬರಿಸಿ, ಸಿಪ್ಪೆ ಸುಲಿದು 'ಬಿರ್ಡೆ' ಮಾಡುತ್ತಾರೆ. ಎರಡು ಭಾಷೆಯ ಗೃಹಿಣಿಯರ ಹೆಬ್ಬೆರಳು ಒಂದೇ ಕೆಲಸವನ್ನು ಕಲಿತಿದೆ! ರಾಜ್ಮಾ, ಟೊಮೇಟೊ, ಮೆಣಸಿನಕಾಯಿಗಳೆಲ್ಲ 1492ರ ಕೊಲಂಬಸನ ಯಾನದ ಅನಂತರ ಅಮೇರಿಕೆಯಿಂದ ಹೊರಟು ಬಂದವು. ಅವರೆಯಾದರೋ ಬಳ್ಳಾರಿಯ ಬಳಿಯ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿಯೇ ಸುಟ್ಟು ಕರಕಾದ ಕಾಳಾಗಿ ದೊರೆತಿದೆ.

ಇನ್ನು ಮಾಡುವ ಕ್ರಮಕ್ಕೆ ಬರೋಣ. 20 ಮಂದಿಗೆ ಒಣಗಿದ ವಾಲ್ ಮುಕ್ಕಾಲು ಕಿಲೊ ಸಾಕು. ಅತಿಥಿಗಳು ಭಾನುವಾರ ಸಂಜೆ ಬರುವವರಾದರೆ ಶುಕ್ರವಾರ ರಾತ್ರಿಯೇ ಕಾಳನ್ನು ನೆನೆಹಾಕಬೇಕು. ಶನಿವಾರ ಬೆಳಿಗ್ಗೆ ಆ ನೀರನ್ನು ಚೆಲ್ಲಿ (ಅದನ್ನು ಅಡಿಗೆಗೆ ಬಳಸಬಾರದು), ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಡತಕ್ಕದ್ದು. ಮುಂಬಯಿಯ ಸೆಕೆಗೆ ಒಂದು ದಿನದಲ್ಲಿ ಮೊಳಕೆ ಇಣುಕುತ್ತದೆ. ಜನವರಿಯ ಚಳಿಯಲ್ಲಿ ಕೆಲವು ಗಂಟೆ ಹೆಚ್ಚು ಬೇಕಾಗಬಹುದು. ಭಾನುವಾರ ಬೆಳಿಗ್ಗೆ ಉಗುರುಬೆಚ್ಚಗಿನ ನೀರಿಗೆ ಹಾಕಿ ಹಿತಕುತ್ತ ಬಂದರೆ ಬೇಳೆ ಪುಳಕ್ಕನೆ ಜಾರಿ ಬೀಳುತ್ತದೆ. ಇದು ಒಬ್ಬರ ಕೆಲಸವಲ್ಲ. ಮಕ್ಕಳನ್ನೂ ಗಂಡಸರನ್ನೂ ಸುತ್ತ ಕೂರಿಸಿಕೊಂಡರೆ ಒಂದು ಗಂಟೆಯೊಳಗೆ ಮುಗಿಯುತ್ತದೆ. ಪತ್ರಿಕೆ ಓದುತ್ತ ಕುಳಿತ ಯಜಮಾನರಿಗೆ ಒಂದು ಬಟ್ಟಲು ಕಾಳನ್ನು ಮುಂದಿಟ್ಟರೆ ಅವರೇನೂ ಬೇಡವೆನ್ನಲಾರರು. ಹಸಿ ಅವರೆಯ ಕಾಲವಾದರೆ ಮೊಳಕೆಯ ಗೊಡವೆಯಿಲ್ಲ. ಕಾಳನ್ನು ಬಿಡಿಸಿ ಕೆಲವು ಗಂಟೆ ನೆನೆಸಿ ಹಿತಕಿದರಾಯಿತು.

ಹಿತಕಿದ ಬೇಳೆಯನ್ನು ಹೊಸ ನೀರಿನಲ್ಲಿ ಅರಿಶಿನ ಹಾಕಿ ಚೆನ್ನಾಗಿ ಕುದಿಸಿ ಮೆತ್ತಗೆ ಬೇಯಿಸಬೇಕು. ಒಗ್ಗರಣೆಗೆ ಸಾಸಿವೆ, ಇಂಗು, ಕರಿಬೇವು, ಹಸಿಮೆಣಸಿನಕಾಯಿ, ಶುಂಠಿ. ಬೆಂದ ಬೇಳೆಯಲ್ಲಿ ಮುಕ್ಕಾಲು ಪಾಲನ್ನು ಸೌಟಿನಿಂದ ಮಸೆದು, ಕಾಲು ಪಾಲನ್ನು ಹಾಗೆಯೇ ಇಡಿಯಾಗಿ ಬಿಟ್ಟು, ಉಪ್ಪು, ಚೂರು ಬೆಲ್ಲ ಸೇರಿಸಿ ಒಗ್ಗರಣೆಯಲ್ಲಿ ಗಟ್ಟಿಯಾಗುವವರೆಗೆ ಮಗುಚಬೇಕು. ಪೂರ್ತಿ ನುಣ್ಣಗೆ ಮಾಡಿದರೆ ಕಾಯಿಲೆಯವರ ಪಥ್ಯದಂತಾಗುತ್ತದೆ. ಹಲ್ಲಿಗೆ ಅಲ್ಲೊಂದು ಇಲ್ಲೊಂದು ಬೇಳೆ ಸಿಗಬೇಕು.

ಅವರೆಯ ಬದಲು ರಾಜ್ಮಾ ಬಳಸುವವರಿಗೆ ಒಂದು ಎಚ್ಚರಿಕೆ. ವಿಭಜನೆಯ ಅನಂತರ ಬಂದ ಪಂಜಾಬಿಗಳು ಪಕ್ಕದ ಸಯನ್ ಕೋಳಿವಾಡದಲ್ಲಿ ನೆಲೆಸಿದಂದಿನಿಂದ, ಈ ಭಾಗದ ಅಂಗಡಿಗಳಲ್ಲಿ ಒಳ್ಳೆಯ ರಾಜ್ಮಾಕ್ಕೆ ಬರವಿಲ್ಲ. ಆದರೆ ಹಸಿ ರಾಜ್ಮಾದಲ್ಲಿ ಒಂದು ಬಗೆಯ ನಂಜಿದೆ. ಸರಿಯಾಗಿ ಬೇಯದ ನಾಲ್ಕೈದು ಕಾಳು ತಿಂದರೂ ಕೆಲವು ಗಂಟೆಗಳಲ್ಲಿ ವಾಂತಿ ಭೇದಿ ಆಗಬಹುದು. ಕನಿಷ್ಠ 5 ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಕೊತಕೊತನೆ 30 ನಿಮಿಷ ಕುದಿಸಬೇಕು. ನಮ್ಮ ಕುಕ್ಕರಿನಲ್ಲಿ ಮೆತ್ತಗಾಗುವಂತೆ ಬೇಯಿಸಿದರೆ ಭಯವಿಲ್ಲ. ಸಣ್ಣ ಶಾಖದಲ್ಲಿ ದಿನವಿಡೀ ಬೇಯಿಸುವ ವಿದ್ಯುತ್ ಪಾತ್ರೆಗಳು ಈಗ ಬಂದಿವೆಯಲ್ಲ, ಕುದಿಸದ ರಾಜ್ಮಾವನ್ನು ಅವುಗಳಲ್ಲಿ ಎಂದಿಗೂ ಹಾಕಕೂಡದು. ಆ ಮಂದ ಶಾಖಕ್ಕೆ ನಂಜು ಸಾಯುವುದಿಲ್ಲ.

ಅವರೆ ಪೂರ್ತಿ ಆರಿದ ಮೇಲೆ ಅದೇ ಕೆಳಗಿನ ಪದರ. ಬಿಸಿಯಿರುವಾಗಲೇ ಆತುರಪಟ್ಟು ಮೇಲೆ ಮೊಸರು ಹಾಕಿದರೆ ಅದು ಒಡೆದು ನೀರಾಗುತ್ತದೆ. ಎರಡನೆಯದು ಚಕ್ಕಾ, ಎರಡು ಲೀಟರು ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನಾಲ್ಕೈದು ಗಂಟೆ ನೀರಿಳಿಸಿ, ಉಪ್ಪು, ಹುರಿದ ಜೀರಿಗೆಯ ಪುಡಿ ಬೆರೆಸಿದ್ದು. ಬೇಸಗೆಯಲ್ಲಿ ಈ ಗಂಟನ್ನು ಫ್ರಿಜ್ಜಿನೊಳಗೇ ತೂಗುಬಿಡಬೇಕು. ಶ್ರೀಖಂಡಕ್ಕೆಂದು ಡೈರಿಗಳಲ್ಲಿ ಮಾರುವ ಚಕ್ಕಾವೂ ಆದೀತು. ಮೂರನೆಯದು ಕೊತ್ತಂಬರಿ ಪುದೀನದ ಗಟ್ಟಿ ಚಟ್ನಿ. ನಾಲ್ಕನೆಯದು ಬೀಜದ ಲೋಳೆ ತೆಗೆದು ಸಣ್ಣಗೆ ಹೆಚ್ಚಿದ ಟೊಮೇಟೊ. ಐದನೆಯದು ಈರುಳ್ಳಿ. ಆರನೆಯದು ಕಾಯಿತುರಿ, ಕೊತ್ತಂಬರಿ ಸೊಪ್ಪು. ಏಳನೆಯದು ಸಣ್ಣ ಸೇವು, ಅಥವಾ ಊರಿನಿಂದ ಯಾರಾದರೂ ತಂದುಕೊಟ್ಟ ಹುರಿದ ಅವರೆಬೇಳೆಯ ಮಿಕ್ಸ್ಚರ್. ಈ ಕಡೆಯ ಪದರವನ್ನು ಬಡಿಸುವ ಗಳಿಗೆಯಲ್ಲೇ ಉದುರಿಸಬೇಕು. ನಡುವಣ ಪದರಗಳಲ್ಲಿ ನೀರಿನ ಅಂಶ ಇರಕೂಡದೆಂಬುದೊಂದೇ ಇಲ್ಲಿ ಜಾಣತನ. ಕಲಾಯಿಯಿಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಜೋಡಿಸಿದರೆ ಮೊಸರು ಕಿಲುಬುತ್ತದೆ. ಗಾಜು ಅಥವಾ ಸ್ಟೀಲು ಉತ್ತಮ.

ಇಷ್ಟಾದರೂ ಒಂದು ತೊಡಕು ಉಳಿಯಿತು: ಎಂಜಲು. ಅಮೇರಿಕೆಯಲ್ಲಿ ದೊಡ್ಡ ಪಾತ್ರೆಯೊಂದನ್ನು ನಡುವೆ ಇಟ್ಟು ಎಲ್ಲರೂ ಅದ್ದಿಕೊಳ್ಳುತ್ತಾರೆ. ಒಮ್ಮೆ ಕಚ್ಚಿದ ಚಿಪ್ಸನ್ನು ಮತ್ತೆ ಅದ್ದಬಾರದೆಂಬ ಶಿಷ್ಟಾಚಾರ ಅಲ್ಲಿಯೂ ಇದೆ, ಮೀರುವವರೂ ಇದ್ದಾರೆ. ನಮ್ಮ ಅಜ್ಜಿಯಂದಿರ ಮುಂದೆ ಈ ಏರ್ಪಾಡು ನಡೆಯುವ ಮಾತಲ್ಲ. ಆರೋಗ್ಯದ ದೃಷ್ಟಿಯಿಂದ ಅಜ್ಜಿಯಂದಿರ ಪಕ್ಷವೇ ಸರಿ. ಆದ್ದರಿಂದ ಏಳು ಪದರಗಳನ್ನೂ ಒಂದೊಂದು ಸಣ್ಣ ಗಾಜಿನ ಬಟ್ಟಲಿನಲ್ಲಿ ಬೇರೆಬೇರೆಯಾಗಿ ಜೋಡಿಸಿ, ಒಬ್ಬರಿಗೊಂದರಂತೆ ಕೈಗೆ ಕೊಡುವುದು ನಮ್ಮ ಪದ್ಧತಿ. ಇದರಿಂದ ಇನ್ನೊಂದು ಅನುಕೂಲವಾಯಿತು. ಈರುಳ್ಳಿ ತಿನ್ನದವರು ಬರುವವರಿದ್ದರೆ ಅವರ ಬಟ್ಟಲಿಗೆ ಈರುಳ್ಳಿಯ ಬದಲು ಎಳೆಯ ಸೌತೆಕಾಯಿಯ ತುರಿಯನ್ನು ಹಿಂಡಿ ಹಾಕಿ, ಮೇಲೊಂದು ಕರಿಬೇವಿನ ಎಲೆ ಸಿಕ್ಕಿಸಿಟ್ಟರೆ ಗುರುತು ತಪ್ಪುವುದಿಲ್ಲ. ಕೂಸುಗಳ ಬಟ್ಟಲಿಗೆ ಚಟ್ನಿ ಬೇಡ. "ಇದರಲ್ಲಿ ಈರುಳ್ಳಿ ಇದೆಯೇ?" ಎಂದು ಹಿರಿಯರು ಸಂಕೋಚದಿಂದ ಕೇಳುವ ಪ್ರಸಂಗ ಬರುವುದಿಲ್ಲ.

ಅದ್ದಿಕೊಳ್ಳಲು ಏನು ಕೊಡಬೇಕೆಂಬುದನ್ನು ಬಂದವರ ಜಿಲ್ಲೆ ನೋಡಿ ನಿರ್ಧರಿಸಬಹುದು. ವಿಜಾಪುರ, ಧಾರವಾಡದ ಕಡೆಯವರಿಗೆ ಕಡಕ್ ಜೋಳದ ರೊಟ್ಟಿಯ ಚೂರು. ಅಮೇರಿಕದ ಜೋಳದ ಚಿಪ್ಸಿಗಿಂತ ಇದೇ ಲೇಸೆಂದು ನಮ್ಮ ದೃಢವಾದ ಅಭಿಪ್ರಾಯ. ಮೈಸೂರಿನವರಿಗೆ ನಿಪ್ಪಟ್ಟು, ದಕ್ಷಿಣ ಕನ್ನಡದವರಿಗೆ ಹಲಸಿನ ಹಪ್ಪಳ. ಏನೂ ಇಲ್ಲದಿದ್ದರೆ ಸೇವ್‌ಪುರಿಯ ಚಪ್ಪಟೆ ಪುರಿ ಪ್ರತಿ ಬೀದಿಯಲ್ಲೂ ಸಿಗುತ್ತದೆ. ಎಲ್ಲವನ್ನೂ ಒಂದೇ ತಟ್ಟೆಯಲ್ಲಿಟ್ಟರೆ ಯಾವುದು ಮೇಲೆಂಬ ವಾಗ್ವಾದ ಹತ್ತಿ ಸಂಜೆ ಚೆನ್ನಾಗಿ ಕಳೆಯುತ್ತದೆ.

ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಮುಂಬಯಿಯಲ್ಲಿ ಮನೆಮನೆಯ ಅರಿಶಿನ-ಕುಂಕುಮದ ಕಾಲ. ಹಸಿ ಅವರೆಯ ಕಾಲವೂ ಅದೇ. ನೆರೆಯ ಮರಾಠಿ ಸೋದರಿಯರನ್ನು ಕರೆದಾಗ ಎಳ್ಳು-ಬೆಲ್ಲದ ಜೊತೆಗೆ ಈ ಬಟ್ಟಲನ್ನು ಕೊಟ್ಟರೆ, ಮೊದಲ ತುತ್ತಿಗೇ ಅವರು "ಇದು ನಮ್ಮ ವಾಲ್" ಎನ್ನುತ್ತಾರೆ. ಮಾತು ಅಲ್ಲಿಂದಲೇ ಆರಂಭ.

ಜೋಡಿಸಿದ ಬಟ್ಟಲುಗಳನ್ನು ಅತಿಥಿಗಳು ಬರುವವರೆಗೆ ಫ್ರಿಜ್ಜಿನಲ್ಲಿಡಬೇಕು. ಹೊರಗೆ ತೆಗೆದ ಮೇಲೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಇಡುವುದು ಸಲ್ಲದು. 32 ಡಿಗ್ರಿ ಸೆಲ್ಸಿಯಸ್ ದಾಟಿದ ಸೆಕೆಯಲ್ಲಿ ಒಂದೇ ಗಂಟೆ. ಪಾತ್ರೆಯಲ್ಲಿ ಮಿಕ್ಕ ಅವರೆಯನ್ನು ಕೂಡಲೇ ಒಳಗಿಟ್ಟಿದ್ದರೆ ಮರುದಿನ ಬೆಳಿಗ್ಗೆ ಅಕ್ಕಿಹಿಟ್ಟಿಗೆ ಕಲಸಿ, ಸಬ್ಬಸಿಗೆ ಸೊಪ್ಪು ಸೇರಿಸಿ ರೊಟ್ಟಿ ತಟ್ಟಬಹುದು. ಕಚೇರಿಗೆ ಹೋಗುವವರ ಡಬ್ಬಿಗೆ ಅದೇ ಸಾಕು.