ವಾರಂಟಿ ಪತ್ರದ ಅರ್ಥವಿಚಾರ: ಹಳೆಯ ಹೈಬ್ರಿಡ್ ಕಾರಿನ ಬ್ಯಾಟರಿಯನ್ನು ಕುರಿತು

'ಹೈಬ್ರಿಡ್' ಎಂಬ ಮಾತು ರೋಣ, ನರಗುಂದ, ಗಜೇಂದ್ರಗಡಗಳ ಎರೆಭೂಮಿಗೆ ಹೊಸತಲ್ಲ. 1964ರಲ್ಲಿ ಬಿಡುಗಡೆಯಾದ ಹೈಬ್ರಿಡ್ ಜೋಳದೊಡನೆಯೂ, 1972ರಲ್ಲಿ ಧಾರವಾಡದ ಕೃಷಿ ಸಂಶೋಧನೆಯಿಂದ ಹೊರಬಂದ 'ವರಲಕ್ಷ್ಮಿ' ಹತ್ತಿಯೊಡನೆಯೂ ಅದು ಇಲ್ಲಿಯ ಒಕ್ಕಲು ಮಕ್ಕಳ ನಾಲಗೆಯಲ್ಲಿ ನೆಲೆಸಿತು. ಎರಡು ಭಿನ್ನ ತಳಿಗಳ ಕೂಡಿಕೆಯಿಂದ ಹುಟ್ಟಿದುದು ಹೈಬ್ರಿಡ್, ಸಂಸ್ಕೃತದಲ್ಲಿ 'ಸಂಕರ'. ಇಳುವರಿ ಹೆಚ್ಚು, ನಿಜ. ಆದರೆ ಆ ಬೆಳೆಯ ಬೀಜವನ್ನೇ ತೆಗೆದಿರಿಸಿ ಮರುವರ್ಷ ಬಿತ್ತಿದರೆ ಮೊದಲಿನ ಫಲ ಬಾರದು. ಈ ಕರಾರು ಹೈಬ್ರಿಡ್ ಎಂಬ ಹೆಸರಿನೊಳಗೇ ಅಡಗಿದ್ದಿತು. ಒಮ್ಮೆ ಬಿತ್ತಿ ಕೈ ಸುಟ್ಟುಕೊಂಡವರಿಗೆ ಮಾತ್ರ ಅದು ತಿಳಿಯಿತು.

ಈಗ ಅದೇ ಮಾತು ಕಾರಿನ ಹೆಸರಿಗೆ ಅಂಟಿಕೊಂಡು ಮರಳಿ ಬಂದಿದೆ. ಭಾರತದ ಮಾರುಕಟ್ಟೆಗೆ 2008ರಲ್ಲಿ ಹೋಂಡಾ ಸಿವಿಕ್ ಹೈಬ್ರಿಡ್ ಬಂದಿತು. 2010ರಲ್ಲಿ ಟೊಯೋಟಾ ಪ್ರಿಯಸ್ ಬಂದಿತು. 2013ರಿಂದ ಕ್ಯಾಮ್ರಿ ಹೈಬ್ರಿಡ್ ಬೆಂಗಳೂರಿನ ಸಮೀಪದ ಬಿಡದಿಯಲ್ಲಿಯೇ ಜೋಡಣೆಗೊಂಡಿತು. ಆ ಕಾಲಕ್ಕೆ ಅವು ಸಿರಿವಂತರ ವಾಹನಗಳು. 2022ರಲ್ಲಿ ಹೈರೈಡರ್, ಗ್ರ್ಯಾಂಡ್ ವಿಟಾರಾ, ಹೋಂಡಾ ಸಿಟಿ, ಇನ್ನೋವಾ ಹೈಕ್ರಾಸ್‌ಗಳು ಬಂದ ಮೇಲೆ ಹೈಬ್ರಿಡ್ ಮಧ್ಯಮವರ್ಗದ ಅಂಗಳಕ್ಕೆ ಇಳಿದಿದೆ. ನಗರದಲ್ಲಿ ಒಬ್ಬರು ಕೆಲವು ವರ್ಷ ಓಡಿಸಿ ಮಾರಿದ ಗಾಡಿಯನ್ನು, ಪೆಟ್ರೋಲಿನ ಉಳಿತಾಯವನ್ನು ನೆನೆದು, ನಿವೃತ್ತಿಯ ಹಣದಲ್ಲಿ ಕೊಳ್ಳುವ ಶಿಕ್ಷಕರೂ ವ್ಯಾಪಾರಸ್ಥರೂ ಸಣ್ಣ ಊರುಗಳಲ್ಲಿ ಉಂಟು. ಅಂತಹ ಗಾಡಿಯ ದೊಡ್ಡ ಬ್ಯಾಟರಿ ಕೆಟ್ಟರೆ ಬದಲಾವಣೆಯ ವೆಚ್ಚ ಒಂದು ಲಕ್ಷ ರೂಪಾಯಿಯನ್ನೂ ಮೀರಬಹುದು. ಆ ಭಾರ ಕಂಪನಿಯ ಮೇಲೆ ಬೀಳುವುದೋ ಕೊಂಡವನ ಮೇಲೆ ಬೀಳುವುದೋ ಎಂಬುದನ್ನು ನಿರ್ಣಯಿಸುವುದು ಮಾರಾಟಗಾರನ ಬಾಯಿಮಾತಲ್ಲ, ವಾರಂಟಿ ಪುಸ್ತಿಕೆಯ ಸಣ್ಣ ಅಕ್ಷರಗಳು.

'ವಾರಂಟಿ', 'ಗ್ಯಾರಂಟಿ' ಇವೆರಡೂ ಮೂಲತಃ ಒಂದೇ ಧಾತುವಿನಿಂದ ಬಂದು ಎರಡು ದಾರಿ ಹಿಡಿದು ಇಂಗ್ಲಿಷಿಗೆ ಸೇರಿದ ಶಬ್ದಗಳು. ಕನ್ನಡದ ತತ್ಸಮ ತದ್ಭವಗಳ ಜೋಡಿಯಂತೆ. ಜನರ ಬಳಕೆಯಲ್ಲಿ ಎರಡಕ್ಕೂ 'ಖಾತ್ರಿ' ಎಂದೇ ಅರ್ಥ. ಕಾನೂನಿನ ಅರ್ಥ ಹೆಚ್ಚು ಇಕ್ಕಟ್ಟಾದುದು. 1930ರ ಸರಕು ಮಾರಾಟ ಅಧಿನಿಯಮದ 12ನೆಯ ಕಲಮು 'ಷರತ್ತು' ಮತ್ತು 'ವಾರಂಟಿ'ಗಳನ್ನು ಬೇರ್ಪಡಿಸುತ್ತದೆ. ಷರತ್ತು ಒಪ್ಪಂದದ ಮುಖ್ಯ ಉದ್ದೇಶಕ್ಕೆ ಸೇರಿದುದು; ಅದು ಭಂಗವಾದರೆ ಕೊಂಡವನು ಒಪ್ಪಂದವನ್ನೇ ಕೈಬಿಡಬಹುದು. ವಾರಂಟಿ ಆ ಉದ್ದೇಶಕ್ಕೆ ಪಾರ್ಶ್ವವಾದುದು. ಅದು ಭಂಗವಾದರೆ ನಷ್ಟವನ್ನು ಕೇಳಬಹುದೇ ಹೊರತು ಸರಕನ್ನೇ ತಿರಸ್ಕರಿಸುವ ಹಕ್ಕು ಅದರಿಂದ ಹುಟ್ಟುವುದಿಲ್ಲ. "ವಾರಂಟಿ ಇದೆ, ಗಾಡಿಯನ್ನೇ ಹಿಂದಿರುಗಿಸುತ್ತೇನೆ" ಎಂದು ಸೇವಾಕೇಂದ್ರದ ಬಾಗಿಲಲ್ಲಿ ಗುಡುಗುವವರು ಈ ಭೇದವನ್ನು ತಿಳಿದಿರಬೇಕು.

ಇನ್ನು 'ಬ್ಯಾಟರಿ' ಎಂಬ ಪದವೂ ಇಲ್ಲಿ ನಾನಾರ್ಥವುಳ್ಳದ್ದು. ಹೈಬ್ರಿಡ್ ಕಾರಿನಲ್ಲಿ ಎರಡು ಬ್ಯಾಟರಿಗಳಿರುತ್ತವೆ. ಒಂದು, ಎಲ್ಲ ಕಾರುಗಳಲ್ಲಿರುವಂತಹ 12 ವೋಲ್ಟಿನದು. ದೀಪ, ಬೀಗ, ಗಣಕಗಳಿಗೆ ಅದರಿಂದ ವಿದ್ಯುತ್ತು. ಇನ್ನೊಂದು, ಗಾಡಿಯನ್ನು ಎಳೆಯುವ ಮೋಟಾರಿಗೆ ಬಲ ಕೊಡುವ ದೊಡ್ಡ ಬ್ಯಾಟರಿ. ಬ್ರೇಕು ಒತ್ತಿದಾಗ ವ್ಯರ್ಥವಾಗಿ ಹೋಗುತ್ತಿದ್ದ ಶಕ್ತಿಯನ್ನು ಆ ಮೋಟಾರೇ ವಿದ್ಯುತ್ತಾಗಿ ತಿರುಗಿಸಿ ಅದರೊಳಗೆ ತುಂಬುತ್ತದೆ; ನಿಧಾನದ ಓಟದಲ್ಲಿ ಅದನ್ನೇ ಬಳಸಿ ಪೆಟ್ರೋಲ್ ಎಂಜಿನನ್ನು ನಿಲ್ಲಿಸುತ್ತದೆ. ಎರಡನೆಯ ತಲೆಮಾರಿನ ಪ್ರಿಯಸ್‌ನ ದೊಡ್ಡ ಬ್ಯಾಟರಿಯಲ್ಲಿ 28 ಕಟ್ಟುಗಳು. ಕಟ್ಟಿಗೆ 6 ಕೋಶ, ಕೋಶಕ್ಕೆ 1.2 ವೋಲ್ಟು, ಒಟ್ಟು 201.6 ವೋಲ್ಟು. ಎಂಟು ವರ್ಷಗಳ ವಾರಂಟಿ ಎಂದು ಜಾಹೀರಾತಿನಲ್ಲಿ ಕಾಣುವುದು ಈ ದೊಡ್ಡದಕ್ಕೆ ಮಾತ್ರ. 12 ವೋಲ್ಟಿನದಕ್ಕೆ ಬೇರೆ, ಬಹಳ ಕಡಮೆ ಅವಧಿಯ ವಾರಂಟಿ. 2015ರಲ್ಲಿ ಮಾರುತಿಯ ಸಿಯಾಜ್, ಎರ್ಟಿಗಾಗಳಲ್ಲಿ ಬಂದ 'ಸ್ಮಾರ್ಟ್ ಹೈಬ್ರಿಡ್' ಎಂಬುದು ಕೇವಲ ವಿದ್ಯುತ್ತಿನಿಂದ ಓಡಬಲ್ಲುದಲ್ಲ. ಎಂಜಿನಿಗೆ ಕೊಂಚ ಕೈಗೂಡಿಸುವಷ್ಟೇ ಅದರ ಕೆಲಸ. ಹೆಸರಿನಲ್ಲಿ ಹೈಬ್ರಿಡ್ ಇದೆಯೆಂದು ಎಂಟು ವರ್ಷದ ಮಾತನ್ನು ಅದಕ್ಕೂ ಅನ್ವಯಿಸಿಕೊಳ್ಳತಕ್ಕದ್ದಲ್ಲ.

ಟೊಯೋಟಾ ಕಂಪನಿ ಭಾರತದಲ್ಲಿ ಈ ದೊಡ್ಡ ಬ್ಯಾಟರಿಗೆ ಕೊಡುವ ಮಾತು ಹೀಗಿದೆ: 8 ವರ್ಷ ಅಥವಾ 1,60,000 ಕಿಲೋಮೀಟರು, ಯಾವುದು ಮೊದಲೋ ಅದು. ಇಲ್ಲಿಯ 'ಅಥವಾ' ಕೊಂಡವನ ಆಯ್ಕೆಗೆ ಬಿಟ್ಟುದಲ್ಲ. 'ಯಾವುದು ಮೊದಲೋ' ಎಂಬುದು ಆ ಆಯ್ಕೆಯನ್ನು ಕಿತ್ತುಕೊಂಡಿದೆ. ಲೆಕ್ಕ ಹಾಕಿ ನೋಡಿದರೆ ವರ್ಷಕ್ಕೆ 20,000, ದಿನಕ್ಕೆ ಸುಮಾರು 55 ಕಿಲೋಮೀಟರು. ಗಜೇಂದ್ರಗಡದಿಂದ ರೋಣಕ್ಕೆ ದಿನವೂ ಹೋಗಿಬರುವವರಿಗೆ ವರ್ಷವೂ ದೂರವೂ ಹೆಚ್ಚುಕಡಮೆ ಒಟ್ಟಿಗೇ ಮುಗಿಯುತ್ತವೆ. ನರಗುಂದದಿಂದ ಹುಬ್ಬಳ್ಳಿಗೆ ದಿನವೂ ಓಡಾಡಿ ನೂರು ಕಿಲೋಮೀಟರಿಗೂ ಮಿಕ್ಕಿ ಸವೆಸುವವರಿಗೆ ನಾಲ್ಕೈದು ವರ್ಷದಲ್ಲಿಯೇ ವಾರಂಟಿ ತೀರುತ್ತದೆ. ಊರೊಳಗಿನ ಓಡಾಟಕ್ಕೇ ಗಾಡಿ ಇಟ್ಟವರು 60,000 ಕಿಲೋಮೀಟರು ಸಹ ದಾಟಿರಲಿಕ್ಕಿಲ್ಲ. ಅವರಿಗೂ ಎಂಟನೆಯ ವರ್ಷಕ್ಕೆ ಅದು ಮುಗಿಯಿತು. "ಗಾಡಿ ಕಡಮೆ ಓಡಿದೆ" ಎಂಬ ದಲಾಲಿಯ ಹೊಗಳಿಕೆ ಬೆಲೆಗೆ ಒಂದು ಕಾರಣವಾದೀತು, ವಾರಂಟಿಗಲ್ಲ.

ಎಂಟು ವರ್ಷವನ್ನು ಎಣಿಸುವುದು ಎಲ್ಲಿಂದ? ಮೊದಲನೆಯ ಒಡೆಯನ ಕೈಗೆ ಗಾಡಿ ಬಂದ ದಿನದಿಂದ. ಎರಡನೆಯವನು ಕೊಂಡ ದಿನಕ್ಕೆ ಅಲ್ಲಿ ಬೆಲೆಯಿಲ್ಲ. 2018ರ ಜೂನಿನಲ್ಲಿ ಮೊದಲು ಮಾರಾಟವಾದ ಗಾಡಿಯನ್ನು 2025ರಲ್ಲಿ ಕೊಂಡವನಿಗೆ ಉಳಿದಿರುವುದು ಒಂದು ವರ್ಷದ ಆಸುಪಾಸು ಮಾತ್ರ. ವಾರಂಟಿಯ ನಡುವೆ ಬ್ಯಾಟರಿಯನ್ನು ಬದಲಿಸಿಕೊಟ್ಟರೂ ಹೊಸದಕ್ಕೆ ಹೊಸ ಎಂಟು ವರ್ಷ ಆರಂಭವಾಗುವುದೆಂದು ಭಾವಿಸಬಾರದು. ಹಳೆಯದರ ಉಳಿಕೆಯೇ ಅದಕ್ಕೆ ಸಲ್ಲುವುದು ಸಾಮಾನ್ಯ ಪದ್ಧತಿ.

ಎಲ್ಲಕ್ಕಿಂತ ಹೆಚ್ಚು ಜನರನ್ನು ದಾರಿ ತಪ್ಪಿಸುವ ಪದ 'ವಿಸ್ತರಿತ ವಾರಂಟಿ'. ಯಾವುದರ ವಿಸ್ತರಣೆ ಎಂಬ ಪ್ರಶ್ನೆಯನ್ನು ಕೇಳದೆ ಹಣ ಕಟ್ಟುವವರೇ ಹೆಚ್ಚು. ಹೈರೈಡರ್ ಗಾಡಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಇಡೀ ಗಾಡಿಗೆ 3 ವರ್ಷ ಅಥವಾ 1,00,000 ಕಿಲೋಮೀಟರಿನ ವಾರಂಟಿ. ಹೆಚ್ಚು ಹಣ ಕೊಟ್ಟರೆ ಅದನ್ನು 5 ವರ್ಷ ಅಥವಾ 2,20,000 ಕಿಲೋಮೀಟರಿನವರೆಗೆ ವಿಸ್ತರಿಸಬಹುದು. ಹೈಬ್ರಿಡ್ ಬ್ಯಾಟರಿಗೆ ಮೊದಲಿನಿಂದಲೇ 8 ವರ್ಷ. ಅಂದರೆ ವಿಸ್ತರಿಸಿದ ವಾರಂಟಿ ಐದನೆಯ ವರ್ಷಕ್ಕೆ ಮುಗಿಯುವಾಗ ಬ್ಯಾಟರಿಯದು ಇನ್ನೂ ನಡೆಯುತ್ತಲೇ ಇರುತ್ತದೆ. ಹಣ ಕಟ್ಟಿದುದು ಎಂಜಿನ್ ಮೊದಲಾದ ಇತರ ಭಾಗಗಳಿಗೆ. ಎಂಟು ವರ್ಷ ಕಳೆದ ಬ್ಯಾಟರಿಗೆ ಅದರಿಂದ ಒಂದು ದಿನವೂ ಹೆಚ್ಚಾಗದು. ವಿಸ್ತರಣೆಯ ಕರಾರಿನಲ್ಲಿ ಹೈಬ್ರಿಡ್ ಬ್ಯಾಟರಿಯ ಹೆಸರೇ ಬರೆದಿದೆಯೇ, ಎಷ್ಟನೆಯ ವರ್ಷದವರೆಗೆ, ಕೊಡುವವರು ಕಾರು ತಯಾರಿಸಿದ ಕಂಪನಿಯೇ ಅಥವಾ ಬೇರೊಂದು ಸಂಸ್ಥೆಯೇ ಎಂಬ ಮೂರು ಸಂಗತಿಗಳನ್ನು ಕಣ್ಣಾರೆ ಕಂಡ ಹೊರತು ಸಹಿ ಮಾಡುವುದು ತರವಲ್ಲ.

ನಿಜವಾಗಿಯೂ ಹಳೆಯ ಬ್ಯಾಟರಿಯ ಅವಧಿಯನ್ನು ಮುಂದುವರಿಸುವ ಏರ್ಪಾಡು ಹೇಗಿರುತ್ತದೆಂಬುದಕ್ಕೆ ಇಂಗ್ಲೆಂಡಿನ ಪದ್ಧತಿಯನ್ನು ನೋಡಬಹುದು. ಅಲ್ಲಿ ಟೊಯೋಟಾದ ಅಧಿಕೃತ ಕೇಂದ್ರದಲ್ಲಿ ವರ್ಷಕ್ಕೊಮ್ಮೆ ಹೈಬ್ರಿಡ್ ವ್ಯವಸ್ಥೆಯ ಆರೋಗ್ಯಪರೀಕ್ಷೆ ಮಾಡಿಸಿದರೆ ಮುಂದಿನ 1 ವರ್ಷ ಅಥವಾ 10,000 ಮೈಲಿಗೆ ಬ್ಯಾಟರಿಯ ಭರವಸೆ ದೊರೆಯುತ್ತದೆ. ಹೀಗೆ ಗಾಡಿಗೆ 15 ವರ್ಷವಾಗುವವರೆಗೂ. ಅಮೆರಿಕದಲ್ಲಿ 8 ವರ್ಷ ಅಥವಾ 1,00,000 ಮೈಲಿಯಿದ್ದುದನ್ನು ಟೊಯೋಟಾ 2020ರ ಮಾದರಿಗಳಿಂದ 10 ವರ್ಷ ಅಥವಾ 1,50,000 ಮೈಲಿಗೆ ಏರಿಸಿತು. 2019ರ ಗಾಡಿಗೆ ಹಳೆಯ ಅವಧಿಯೇ. ಆ ದೇಶಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ತಮ್ಮ ಅನುಭವದಿಂದ ಊರಿನ ಬಂಧುಗಳಿಗೆ "ಹತ್ತು ವರ್ಷ ಚಿಂತೆಯಿಲ್ಲ" ಎಂದು ಫೋನಿನಲ್ಲಿ ಅಭಯ ಕೊಡುವ ಮುನ್ನ, ಒಂದು ದೇಶದ ಕರಾರು ಇನ್ನೊಂದು ದೇಶದಲ್ಲಿ ಮಾರಿದ ಗಾಡಿಗೆ ಅನ್ವಯಿಸದೆಂಬುದನ್ನು ನೆನೆಯುವುದು ಒಳ್ಳೆಯದು.

ವ್ಯಾಕರಣದಲ್ಲಿ ಸಾಮಾನ್ಯವಿಧಿಯನ್ನು ಉತ್ಸರ್ಗವೆಂದೂ ವಿಶೇಷವಿಧಿಯನ್ನು ಅಪವಾದವೆಂದೂ ಕರೆಯುತ್ತಾರೆ. ಎರಡೂ ಎದುರಾದಲ್ಲಿ ಅಪವಾದವೇ ಬಲವುಳ್ಳದ್ದು. ವಾರಂಟಿ ಪುಸ್ತಿಕೆಯ ರಚನೆಯೂ ಇದೇ. ಉತ್ಸರ್ಗ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿರುತ್ತದೆ, ಅಪವಾದಗಳು ಕೊನೆಯ ಪುಟಗಳಲ್ಲಿ ಇರುವೆಸಾಲಿನಂತಿರುತ್ತವೆ. ಅಲ್ಲಿಂದಲೇ ಓದಲು ಆರಂಭಿಸುವುದು ಲೇಸು.

ಮೊದಲ ಅಪವಾದ ಸಹಜವಾದ ಸವೆತ. ವಾರಂಟಿ ಹೊರುವುದು ಸಾಮಗ್ರಿಯ ಅಥವಾ ತಯಾರಿಕೆಯ ದೋಷವನ್ನು. ವಯಸ್ಸಿನಿಂದ ಬ್ಯಾಟರಿಯ ಧಾರಣಶಕ್ತಿ ಮೆಲ್ಲಗೆ ಕುಗ್ಗಿ ಪೆಟ್ರೋಲಿನ ಉಳಿತಾಯ ಕಡಮೆಯಾದರೆ ಅದನ್ನು ದೋಷವೆಂದು ಒಪ್ಪುವುದಿಲ್ಲ. ಗಾಡಿಯ ಗಣಕವೇ ದೋಷವನ್ನು ಸಂಕೇತದಿಂದ ಹೇಳಬೇಕು. 'ಪಿ0ಎ80' ಎಂಬ ಸಂಕೇತಕ್ಕೆ ಹೈಬ್ರಿಡ್ ಬ್ಯಾಟರಿಯನ್ನು ಬದಲಿಸಬೇಕೆಂಬ ಅರ್ಥ. ಈ ಸಂಕೇತ ಕಂಡ ಕೂಡಲೇ ಹೊರಗಿನ ಗ್ಯಾರೇಜಿನಲ್ಲಿ ಬ್ಯಾಟರಿಯನ್ನು ಬಿಚ್ಚಿಸಿ, ಸೋತ ಒಂದೆರಡು ಕಟ್ಟುಗಳನ್ನಷ್ಟೇ ಬದಲಿಸಿ ಅಗ್ಗದಲ್ಲಿ ಮುಗಿಸುವ ಆಸೆ ಹುಟ್ಟುತ್ತದೆ. ಒಂದೇ ವಯಸ್ಸಿನ ಉಳಿದ ಕಟ್ಟುಗಳು ಒಂದೊಂದಾಗಿ ಕೈಕೊಡುವುದು ಇದರ ಒಂದು ದೋಷ. ಉಳಿದಿದ್ದ ವಾರಂಟಿಯನ್ನೂ ಕಳೆದುಕೊಳ್ಳುವ ಸಂಭವ ಇನ್ನೊಂದು. ಆ ಬ್ಯಾಟರಿಯ ಕಿತ್ತಳೆ ಬಣ್ಣದ ತಂತಿಗಳಲ್ಲಿ ಹರಿಯುವ ವಿದ್ಯುತ್ತು ಪ್ರಾಣ ತೆಗೆಯುವಷ್ಟು ಬಲವುಳ್ಳದ್ದೆಂಬುದನ್ನು ಮರೆಯಬಾರದು.

ಎರಡನೆಯದು ಆರೈಕೆಯ ಲೋಪ. ಎರೆಸೀಮೆಗೆ ಇದು ಬಹಳ ಮುಖ್ಯ. ದೊಡ್ಡ ಬ್ಯಾಟರಿಗೆ ಬಿಸಿಯೇ ಶತ್ರು. ಅದನ್ನು ತಣಿಸಲು ಕಾರಿನೊಳಗಿನ ಗಾಳಿಯನ್ನೇ ಒಂದು ಬೀಸಣಿಗೆ ಎಳೆದುಕೊಳ್ಳುತ್ತದೆ. ಪ್ರಿಯಸ್‌ನಲ್ಲಿ ಆ ಗಾಳಿಕಿಂಡಿ ಹಿಂದಿನ ಆಸನದ ಪಕ್ಕದಲ್ಲಿದೆ. ಇತರ ಗಾಡಿಗಳಲ್ಲಿ ಎಲ್ಲಿದೆಯೆಂಬುದನ್ನು ಕೈಪಿಡಿ ಹೇಳುತ್ತದೆ. ಹಿಂದಿನ ಆಸನದ ಮೇಲೆ ಮೆಣಸಿನಕಾಯಿಯ ಚೀಲವನ್ನೋ ಹಾಸಿಗೆಯ ಸುರುಳಿಯನ್ನೋ ಒತ್ತರಿಸಿ ಇಟ್ಟರೆ ಕಿಂಡಿ ಮುಚ್ಚುತ್ತದೆ. ಬೇಸಗೆಯಲ್ಲಿ ಎರೆಹೊಲದ ಕಚ್ಚಾದಾರಿಯ ಧೂಳು ಅದರ ಜರಡಿಯನ್ನು ಕಟ್ಟಿಹಾಕುತ್ತದೆ. ನಲವತ್ತು ಡಿಗ್ರಿ ಬಿಸಿಲಿನಲ್ಲಿ ಉಸಿರು ಕಟ್ಟಿದ ಬ್ಯಾಟರಿ ಬೇಗನೆ ಸೋಲುವುದು ಆಶ್ಚರ್ಯವಲ್ಲ. ಆಗ ಕಂಪನಿಯವರು ಕೇಳುವ ಮೊದಲ ಪ್ರಶ್ನೆ, ಜರಡಿಯನ್ನು ಯಾವಾಗ ಶುಚಿ ಮಾಡಿಸಿದಿರಿ, ಚೀಟಿ ಎಲ್ಲಿದೆ ಎಂಬುದು. ಇದೇ ಗಾಡಿ ಬೆಂಗಳೂರಿನಲ್ಲಿದ್ದರೆ ಆ ಪ್ರಶ್ನೆ ಅಷ್ಟು ಕಠಿನವಾಗದಿರಬಹುದು. ಇಲ್ಲಿ ಉತ್ತರ ಸಿದ್ಧವಿರಬೇಕು.

ಮೂರನೆಯದು ನೀರು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ನರಗುಂದ ತಾಲೂಕಿನ ಕೊಣ್ಣೂರು, ರೋಣ ತಾಲೂಕಿನ ಹೊಳೆಆಲೂರು ಭಾಗಗಳನ್ನು ಮುಳುಗಿಸಿದುದನ್ನು ಕಂಡವರು ಮರೆಯಲಾರರು. ಆಸನದ ಕೆಳಗೋ ಹಿಂಭಾಗದಲ್ಲಿಯೋ ತಗ್ಗಾಗಿ ಕುಳಿತ ಬ್ಯಾಟರಿಗೆ ಪ್ರವಾಹದ ನೀರು ತಾಗಿದರೆ ವಾರಂಟಿ ಹೊರುವುದಿಲ್ಲ. ಅದು ವಿಮೆಯ ವಿಷಯ. ಅದೂ ಸ್ವಂತ ವಾಹನದ ಹಾನಿಯನ್ನು ಒಳಗೊಂಡ ಸಮಗ್ರ ವಿಮೆಯಾಗಿದ್ದರೆ ಮಾತ್ರ; ಕಾನೂನಿನ ಕಡ್ಡಾಯಕ್ಕೆ ಮಾಡಿಸಿದ ಮೂರನೆಯವರ ವಿಮೆಯಿಂದ ಒಂದು ಕಾಸೂ ಬಾರದು. ಹಳೆಯ ಗಾಡಿಯೆಂದು ಸಮಗ್ರ ವಿಮೆಯನ್ನು ಕೈಬಿಡುವ ರೂಢಿ ಹೈಬ್ರಿಡ್‌ನ ವಿಷಯದಲ್ಲಿ ದುಬಾರಿಯಾದೀತು.

ಪರಸ್ಥಳದಲ್ಲಿರುವವರಿಗೆ ಇನ್ನೊಂದು ಮಾತು. ವರ್ಷಕ್ಕೊಮ್ಮೆ ಜಾತ್ರೆಗೆ ಬಂದಾಗ ಬೇಕೆಂದು ಊರಮನೆಯಲ್ಲಿ ಕಾರನ್ನು ಮುಸುಕು ಹಾಕಿ ನಿಲ್ಲಿಸಿ ಹೋಗುವವರು ಉಂಟು. ನಿಂತ ಗಾಡಿಯಲ್ಲಿಯೂ ಬ್ಯಾಟರಿ ಮೆಲ್ಲಗೆ ಖಾಲಿಯಾಗುತ್ತದೆ, ತೀರ ಬತ್ತಿದರೆ ಚೇತರಿಸಿಕೊಳ್ಳಲಾರದು. ಎರಡು ಮೂರು ತಿಂಗಳಿಗೊಮ್ಮೆಯಾದರೂ ಅರ್ಧ ಗಂಟೆ ಅಥವಾ 16 ಕಿಲೋಮೀಟರು ಓಡಿಸಬೇಕೆಂದು ಟೊಯೋಟಾದ ಕೈಪಿಡಿಗಳು ಹೇಳುತ್ತವೆ. ಮನೆ ಕಾಯುವವರಿಗೆ ಬೀಗದಕೈಯೊಡನೆ ಈ ಸೂಚನೆಯನ್ನೂ ಕೊಟ್ಟುಹೋಗಬೇಕು.

ಹೊರಗಿನವರಿಂದ ಗ್ಯಾಸ್ ಕಿಟ್ ಹಾಕಿಸುವುದು, ತಂತಿ ಕತ್ತರಿಸಿ ದೀಪ, ಸಂಗೀತಪೆಟ್ಟಿಗೆ ಜೋಡಿಸುವುದು, ಕಿಲೋಮೀಟರು ತೋರಿಸುವ ಮಾಪಕವನ್ನು ತಿದ್ದುವುದು ಇವೆಲ್ಲ ವಾರಂಟಿಗೆ ಮಾರಕವೆಂಬುದನ್ನು ವಿವರಿಸಬೇಕಾದುದಿಲ್ಲ.

ಆದುದರಿಂದ ಹಳೆಯ ಹೈಬ್ರಿಡ್ ಕೊಳ್ಳುವವರು ಮುಂಗಡ ಕೊಡುವ ಮುನ್ನ ಮೊದಲ ಮಾರಾಟದ ದಿನಾಂಕವಿರುವ ವಾರಂಟಿ ಪುಸ್ತಿಕೆ ಮತ್ತು ಸೇವೆಯ ಚೀಟಿಗಳನ್ನು ಕೇಳಿ ಪಡೆಯಬೇಕು. ಹುಬ್ಬಳ್ಳಿಯಂತಹ ಊರಿನ ಅಧಿಕೃತ ಕೇಂದ್ರದಲ್ಲಿ ಬ್ಯಾಟರಿಯನ್ನು ಪರೀಕ್ಷಿಸಿ ಲಿಖಿತ ವರದಿ ಪಡೆಯುವ ವೆಚ್ಚಕ್ಕೆ ಕೈ ಹಿಡಿಯಬಾರದು. ವಾರಂಟಿ ತೀರಿದ ಗಾಡಿಯಾದರೆ ಹೊಸ ಬ್ಯಾಟರಿಯ ಬೆಲೆಯನ್ನು ಮನಸ್ಸಿನಲ್ಲಿ ಕಳೆದೇ ಗಾಡಿಯ ಬೆಲೆ ಕಟ್ಟಬೇಕು. ಹಾಗೆ ಕಟ್ಟಿದ ಮೇಲೂ ಲಾಭವೆನಿಸಿದರೆ ಕೊಳ್ಳುವುದರಲ್ಲಿ ತಪ್ಪಿಲ್ಲ.

ವಾರಂಟಿ ಇರುವಾಗಲೇ ದೋಷ ಕಂಡರೆ ಬಾಯಿಮಾತಿನಲ್ಲಿ ಹೇಳಿ ಬರುವುದು ಸಾಲದು. ಅಂದಿನ ದಿನಾಂಕ, ಓಡಿದ ಕಿಲೋಮೀಟರು, ದೋಷದ ಸಂಕೇತ ಇವು ಜಾಬ್ ಕಾರ್ಡಿನಲ್ಲಿ ಬರೆಯಲ್ಪಟ್ಟು ಪ್ರತಿ ಕೈಗೆ ಬರಬೇಕು. "ಮುಂದಿನ ತಿಂಗಳು ನೋಡೋಣ" ಎಂಬ ಮಾತಿಗೆ ಒಪ್ಪಿ ಬಂದರೆ ಆ ತಿಂಗಳಲ್ಲಿಯೇ ಎಂಟು ವರ್ಷ ತುಂಬಿಬಿಡಬಹುದು. ನ್ಯಾಯವಾದ ಬೇಡಿಕೆಯನ್ನು ಕಂಪನಿ ನಿರಾಕರಿಸಿದಲ್ಲಿ, 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಂತೆ ದೂರುದಾರನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ರೋಣದವರಾಗಲಿ ನರಗುಂದದವರಾಗಲಿ ಗಜೇಂದ್ರಗಡದವರಾಗಲಿ ಅದಕ್ಕಾಗಿ ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ಗದಗಿನ ಜಿಲ್ಲಾ ಆಯೋಗ ಸಾಕು. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಅದನ್ನು ಸಲ್ಲಿಸಬೇಕು. ಆ ದಿನ ಯಾವುದೆಂಬುದನ್ನು ತೋರಿಸಿಕೊಡುವುದೂ ಮೇಲೆ ಹೇಳಿದ ಜಾಬ್ ಕಾರ್ಡಿನ ಪ್ರತಿಯೇ.